ಸೂಟಿಯ ಮೊದಲ ವಸ್ತಿ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಸೀಮೆಯಲ್ಲಿ ಶಾಲೆಯ ಬಿಡುವಿಗೆ 'ಸೂಟಿ' ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಮರಾಠಿಯ 'ಸುಟ್ಟಿ'ಯಿಂದ ಬಂದ ಈ ಪದ, 1956ರಲ್ಲಿ ಕರ್ನಾಟಕ ಒಂದಾಗುವವರೆಗೆ ಈ ಭಾಗ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದುದರ ಗುರುತು. ಹಳೆಯ ಮೈಸೂರಿನವರು ಬಳಸುವ 'ರಜೆ'ಯ ಮೂಲದಲ್ಲಿ ಒಪ್ಪಿಗೆ, ಅನುಮತಿ ಎಂಬ ಅರ್ಥವಿದ್ದರೆ, ಸೂಟಿಯ ಮೂಲದಲ್ಲಿ ಕಟ್ಟು ಬಿಚ್ಚಿಕೊಳ್ಳುವುದು, ಬಿಡುಗಡೆ ಎಂಬ ಅರ್ಥವಿದೆ. ಒಂದೇ ಬಿಡುವನ್ನು ಒಂದು ಸೀಮೆ ಮೇಲಿನವರು ಕೊಟ್ಟದ್ದೆಂದೂ ಇನ್ನೊಂದು ಸೀಮೆ ತಾನೇ ಬಿಡಿಸಿಕೊಂಡದ್ದೆಂದೂ ಹೆಸರಿಸಿರುವುದು ಭಾಷೆಯ ಒಂದು ಸ್ವಾರಸ್ಯ. ಈ ಸೂಟಿಯಲ್ಲಿ ಮನೆಮಂದಿಯೆಲ್ಲ ಒಂದು ವಾಹನ ಹತ್ತಿ ನಾಲ್ಕಾರು ದಿನಗಳ ಪ್ರವಾಸಕ್ಕೆ ಹೊರಡುವಾಗ, ಅದರ ಮೊದಲ ದಿನವನ್ನು ಹೇಗೆ ಕಳೆಯಬೇಕು ಎಂಬುದೇ ಈ ಭಾಷಣದ ವಿಷಯ. ಬಾಗಲಕೋಟೆಯ ನವನಗರದಿಂದ ಹಂಪಿಯ ಕಡೆಗೆ ಹೊರಟ ಕುಟುಂಬವೊಂದರ ದಾರಿಯನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ನವನಗರ ಎಂಬ ಊರು ತಾನೇ ಒಂದು ಪ್ರಯಾಣದ ಫಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಂತಾಗ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಸರಿದು ಹಳೆಯ ಬಾಗಲಕೋಟೆಯ ತಗ್ಗು ಭಾಗಗಳನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗಾಗಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರವು ಎತ್ತರದ ನೆಲದಲ್ಲಿ ಅಳತೆಯ ರಸ್ತೆಗಳನ್ನೂ ಸಂಖ್ಯೆಯ ಸೆಕ್ಟರುಗಳನ್ನೂ ಹಾಕಿ ಹೊಸ ಊರನ್ನು ಕಟ್ಟಿತು. ಹಳೆಯ ಊರಿನಲ್ಲಿ ಓಣಿ, ಪೇಟೆ, ಕಿಲ್ಲಾ ಎಂದು ಹೇಳಿದರೆ ಸಾಕಾಗುತ್ತಿದ್ದ ವಿಳಾಸ ಹೊಸ ಊರಿನಲ್ಲಿ ಅಂಕಿಯಾಯಿತು. 1997ರಲ್ಲಿ ಅವಿಭಜಿತ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದ ಮೇಲೆ ಕಚೇರಿಗಳೂ ನೌಕರರೂ ಇಲ್ಲಿಗೇ ಬಂದರು. ಹೀಗೆ, ಒಮ್ಮೆ ಗಂಟುಮೂಟೆ ಕಟ್ಟಿ ಊರು ಬಿಟ್ಟವರು ಮತ್ತು ವರ್ಗಾವಣೆಯ ಮೇಲೆ ಬಂದವರು ಅಕ್ಕಪಕ್ಕದ ಮನೆಗಳಲ್ಲಿ ಬಾಳುವ ಈ ಊರಿನಲ್ಲಿ, ಸೂಟಿ ಬಂದೊಡನೆ ಗೋವೆಗೋ ಮೈಸೂರಿಗೋ ಒಂದೇ ಉಸಿರಿಗೆ ಓಡುವ ಅಭ್ಯಾಸ ಬೆಳೆದಿದೆ. ನೂರಾರು ಕಿಲೋಮೀಟರ್ ದಾರಿಯನ್ನು ಮೊದಲ ದಿನವೇ ಮುಗಿಸಿಬಿಟ್ಟರೆ ಉಳಿದ ದಿನಗಳು ಪೂರ್ತಿ ಕೈಗೆ ಸಿಗುತ್ತವೆ ಎಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕದಲ್ಲಿ ದೋಷವಿದೆ.

ದೋಷ ಎಲ್ಲಿದೆ ಎಂಬುದನ್ನು ಹಳೆಯವರ ರೂಢಿ ತೋರಿಸಿಕೊಡುತ್ತದೆ. ಬನಶಂಕರಿಗೋ ಕೂಡಲಸಂಗಮಕ್ಕೋ ಚಕ್ಕಡಿ ಕಟ್ಟಿಕೊಂಡು ಹೊರಡುತ್ತಿದ್ದ ಕಾಲದಲ್ಲಿ ಪ್ರಯಾಣದ ಅಳತೆ ದೂರವಾಗಿರಲಿಲ್ಲ, ವಸ್ತಿಯಾಗಿತ್ತು. ವಸ್ತಿ ಎಂದರೆ ರಾತ್ರಿ ಇಳಿದುಕೊಳ್ಳುವ ತಾಣ. ಹಳ್ಳಿಯಲ್ಲೇ ರಾತ್ರಿ ತಂಗಿ ಬೆಳಗಿನ ಜಾವ ಮರಳುವ ಸರ್ಕಾರಿ ಬಸ್ಸಿಗೆ ಈಗಲೂ 'ವಸ್ತಿ ಬಸ್ಸು' ಎಂದೇ ಹೆಸರು. ಸಂಸ್ಕೃತದ 'ವಸತಿ'ಯಿಂದಲೇ ಈ ಪದವೂ ಜೈನ ಗುಡಿಗೆ ಸಲ್ಲುವ 'ಬಸದಿ' ಎಂಬ ಪದವೂ ಹುಟ್ಟಿವೆ. ಎತ್ತುಗಳು ದಿನಕ್ಕೆ ಐದಾರು ಹರದಾರಿಗಿಂತ ಹೆಚ್ಚು ನಡೆಯಲಾರವು. ಹರದಾರಿ ಎಂದರೆ ಸುಮಾರು ಮೂರು ಮೈಲಿ. ಆದ್ದರಿಂದ ಮೊದಲ ವಸ್ತಿ ಯಾವಾಗಲೂ ಹತ್ತಿರದ ಊರಿನಲ್ಲಿ, ನೀರು ಮೇವು ಇರುವ, ಸಾಧ್ಯವಾದರೆ ಬೀಗರ ಮನೆಯೂ ಇರುವ ಕಡೆ ಬೀಳುತ್ತಿತ್ತು. ಎತ್ತುಗಳಿಗಾಗಿ ಮಾಡಿಕೊಂಡ ಈ ಏರ್ಪಾಡು ವಾಸ್ತವದಲ್ಲಿ ಮನುಷ್ಯರಿಗೂ ಒಪ್ಪುತ್ತಿತ್ತು. ಏಕೆಂದರೆ ಮನೆಯ ಕೆಲಸ, ಕಚೇರಿ, ಪರೀಕ್ಷೆಗಳ ಜಗ್ಗಾಟದಲ್ಲಿ ಒಬ್ಬರಿಗೊಬ್ಬರು ಸರಿಯಾಗಿ ಸಿಗದವರು ಏಕಾಏಕಿ ಹತ್ತು ತಾಸು ಒಂದೇ ವಾಹನದೊಳಗೆ ಕೂತಾಗ, ಆ ದಿನದ ಶ್ರಮವೆಲ್ಲ ಪರಸ್ಪರ ಹೊಂದಿಕೊಳ್ಳುವುದಕ್ಕೇ ಮುಗಿದುಹೋಗುತ್ತದೆ. ಅದರ ಮೇಲೆ ದಾರಿಯ ದಣಿವೂ ಕೂಡಿಕೊಂಡರೆ ಎರಡನೆಯ ದಿನದ ಬೆಳಗು ಜಗಳದಿಂದಲೇ ಆರಂಭವಾಗುತ್ತದೆ.

ನವನಗರದಿಂದ ಅಮೀನಗಡ, ಹುನಗುಂದಗಳ ಮೇಲೆ ನೇರವಾಗಿ ಹೋದರೆ ಇಳಕಲ್ಲು ಸುಮಾರು 60 ಕಿಲೋಮೀಟರ್. ಎರಡು ತಾಸು ಕೂಡ ಬೇಕಾಗದ ದಾರಿ. ಅದೇ ಇಳಕಲ್ಲನ್ನು ಮೊದಲ ವಸ್ತಿಯೆಂದು ಗೊತ್ತುಮಾಡಿಕೊಂಡು ದಕ್ಷಿಣಕ್ಕೆ ಬಾದಾಮಿಗೆ ಇಳಿದು, ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿಕೊಂಡು ಅಮೀನಗಡಕ್ಕೆ ಏರಿದರೆ ದೂರ ಇಮ್ಮಡಿಯಾಗುತ್ತದೆ. ಹಾಗಿದ್ದೂ ವಾಹನ ಓಡುವ ಅವಧಿ ಮೂರೂವರೆ ನಾಲ್ಕು ತಾಸನ್ನು ಮೀರುವುದಿಲ್ಲ. ಮಿಕ್ಕ ಹೊತ್ತೆಲ್ಲ ನೆಲದ ಮೇಲೆ ಕಾಲೂರಿ ಕಳೆಯಲು ಸಿಗುತ್ತದೆ. ಮೊದಲ ದಿನಕ್ಕೆ ಬೇಕಾದ ಅಳತೆ ಇದೇ.

ಹೊರಡುವ ಮುನ್ನಿನ ರಾತ್ರಿಯ ಮುಖ್ಯ ಕೆಲಸ ಬುತ್ತಿ ಕಟ್ಟುವುದು. ದಾರಿಯ ಊಟಕ್ಕೆಂದು ಅರಿವೆಯಲ್ಲೋ ಡಬ್ಬಿಯಲ್ಲೋ ಕಟ್ಟಿಕೊಂಡ ಆಹಾರಕ್ಕೆ ಬುತ್ತಿ ಎನ್ನುತ್ತಾರೆ. ಈ ಭಾಗದ ಬುತ್ತಿ ಒಣ ಸೀಮೆಯ ಜಾಣ್ಮೆಯಿಂದ ರೂಪುಗೊಂಡದ್ದು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲದಿರುವುದರಿಂದ ಅದನ್ನು ಲಟ್ಟಿಸುವ ಬದಲು ಕುದಿವ ನೀರಿನಲ್ಲಿ ನಾದಿ ಅಂಗೈಯಿಂದ ಬಡಿದು ತೆಳ್ಳಗೆ ಮಾಡುತ್ತಾರೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಮತ್ತಷ್ಟು ಹೊತ್ತು ಕಾವಿನಲ್ಲಿಟ್ಟು ತೇವವನ್ನೆಲ್ಲ ಹೋಗಲಾಡಿಸಿದಾಗ ಅದು ಕಡಕ್ ರೊಟ್ಟಿಯಾಗಿ ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಅಂದರೆ ನೀರು ಸೋಕಿಸದೆ ಕುಟ್ಟಿದ ಒಣ ಚಟ್ನಿಗಳು, ಒಂದು ಗಡಿಗೆ ಗಟ್ಟಿ ಮೊಸರು, ಉಳ್ಳಾಗಡ್ಡಿ. ಇಷ್ಟಿದ್ದರೆ ಊಟಕ್ಕಾಗಿ ಹೊತ್ತು ಗೊತ್ತು ನೋಡಿಕೊಂಡು ಹೋಟೆಲು ಹುಡುಕುವ ಅಗತ್ಯವಿಲ್ಲ. ಬಿಸ್ಕತ್ತು, ಚಿಪ್ಸುಗಳ ಪೊಟ್ಟಣಗಳು ಕಾರಿನ ಸೀಟುಗಳ ಸಂದಿಯಲ್ಲಿ ಸೇರಿಕೊಂಡ ಮೇಲೆ ಬುತ್ತಿಗೆ ಮರ್ಯಾದೆ ಕಡಿಮೆಯಾಗಿದೆಯಾದರೂ, ಬಿಸಿಲಿನಲ್ಲಿ ಹೊಟ್ಟೆ ಕೆಡದಂತೆ ಮಕ್ಕಳನ್ನು ಕಾಯುವುದರಲ್ಲಿ ಮೊಸರು ರೊಟ್ಟಿಗೆ ಸರಿದೊರೆ ಇಲ್ಲ.

ಬಾದಾಮಿಯನ್ನು ಬೆಳಗಿನಲ್ಲೇ ಮುಟ್ಟಬೇಕು. ಬೇಸಿಗೆಯ ಸೂಟಿಯಲ್ಲಿ ಈ ಜಿಲ್ಲೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಸುಳಿದಾಡುವುದರಿಂದ, ಹನ್ನೊಂದರ ಮೇಲೆ ಕೆಂಪು ಮರಳುಗಲ್ಲಿನ ಮೆಟ್ಟಿಲುಗಳನ್ನು ಹತ್ತುವುದು ಹಿರಿಯರಿಗೂ ಮಕ್ಕಳಿಗೂ ಶಿಕ್ಷೆಯೇ ಸರಿ. ದಸರೆಯ ಸೂಟಿಯಲ್ಲಾದರೆ ಈ ಕಟ್ಟು ಅಷ್ಟು ಬಿಗಿಯಲ್ಲ. ಚಾಲುಕ್ಯ ದೊರೆ ಒಂದನೆಯ ಪುಲಕೇಶಿ 543ರಲ್ಲಿ ಇಲ್ಲಿಯ ಬೆಟ್ಟಕ್ಕೆ ಕೋಟೆ ಹಾಕಿಸಿದನೆಂಬುದನ್ನು ಬಂಡೆಯ ಮೇಲಿನ ಶಾಸನ ಹೇಳುತ್ತದೆ. ನಾಲ್ಕು ಗುಹೆಗಳಲ್ಲಿ ಮೊದಲನೆಯದರ ಹೊರಗೋಡೆಯ ನಟರಾಜನಿಗೆ ಹದಿನೆಂಟು ಕೈಗಳು. ಅವುಗಳಲ್ಲಿ ಯಾವೆರಡನ್ನು ಹೊಂದಿಸಿ ನೋಡಿದರೂ ಒಂದೊಂದು ನೃತ್ಯಭಂಗಿ ಮೂಡುವಂತೆ ಶಿಲ್ಪಿ ಕಡೆದಿದ್ದಾನೆ. ಗುಹೆಗಳ ಪೈಕಿ ಹಿರಿದಾದುದೂ ಕಾಲ ಖಚಿತವಾಗಿ ಗೊತ್ತಿರುವುದೂ ಮೂರನೆಯದು: ಮಂಗಳೇಶನು ಶಕವರ್ಷ 500ರಲ್ಲಿ, ಅಂದರೆ ಕ್ರಿಸ್ತಶಕ 578ರಲ್ಲಿ ಇದನ್ನು ವಿಷ್ಣುವಿಗಾಗಿ ಮಾಡಿಸಿದನು. ನಾಲ್ಕನೆಯ ಗುಹೆ ಜೈನರದು. ಇಲ್ಲಿನ ಮಂಗಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ: ಕೈಯಲ್ಲಿ ತಿಂಡಿಯ ಚೀಲ ಕಂಡರೆ ಅವು ಬಿಡುವುದಿಲ್ಲ, ಆದ್ದರಿಂದ ಬುತ್ತಿ ವಾಹನದಲ್ಲೇ ಉಳಿಯಬೇಕು.

ಹೆಚ್ಚಿನ ಕುಟುಂಬಗಳು ಗುಹೆಗಳನ್ನು ಇಳಿದು, ಅಗಸ್ತ್ಯತೀರ್ಥವೆಂಬ ಕೆರೆಯ ದಂಡೆಯಲ್ಲಿ ಭೂತನಾಥನ ಗುಡಿಯ ಹಿನ್ನೆಲೆಯಿಟ್ಟು ಫೋಟೋ ತೆಗೆದುಕೊಂಡು ಹೊರಟುಬಿಡುತ್ತವೆ. ಬಾದಾಮಿಯಲ್ಲಿ ಮನೆಮಂದಿಗೆಲ್ಲ ಸಲ್ಲುವ ವಸ್ತು ಇನ್ನೊಂದಿದೆ. ಕೆರೆಯ ಆಚೆಬದಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬ ವೀರನನ್ನು ಕುರಿತ ಕ್ರಿಸ್ತಶಕ 700ರ ಆಸುಪಾಸಿನ ಶಾಸನವಿದ್ದು, ಅದರಲ್ಲಿ ಕನ್ನಡದ ತ್ರಿಪದಿಗಳು ಬರುತ್ತವೆ. ತ್ರಿಪದಿ ಎಂದರೆ ಮೂರು ಸಾಲಿನ ದೇಸಿ ಛಂದಸ್ಸು. ಸರ್ವಜ್ಞನದೂ ಅದೇ, ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಿಕೊಂಡು ಬಂದದ್ದೂ ಅದೇ. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುವ ಪದ್ಯ ಈ ಬಂಡೆಯಲ್ಲಿದೆ, ಅದೇ ಧಾಟಿಯ ಹಾಡು ವಾಹನದ ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಯ ನೆನಪಿನಲ್ಲಿರುವ ಸಂಭವವಿದೆ. ಸುಮಾರು 1300 ವರ್ಷಗಳ ಅಂತರದ ಈ ಎರಡನ್ನೂ ಮಕ್ಕಳು ಒಂದೇ ಬೆಳಗಿನಲ್ಲಿ ಕೇಳಿ ನೋಡಬಹುದಾದ ಊರು ಬೇರೆಲ್ಲಿಯೂ ಸಿಗಲಾರದು. ಅಜ್ಜಿಗೆ ಹಾಡು ಬರುವುದೋ ಇಲ್ಲವೋ ಎಂದು ಮೊಮ್ಮಕ್ಕಳು ಎಂದೂ ಕೇಳಿರುವುದಿಲ್ಲ ಎಂಬುದು ಬೇರೆ ಮಾತು.

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬನಶಂಕರಿ ಬಹಳಷ್ಟು ಮನೆಗಳ ಕುಲದೇವತೆಯಾದ್ದರಿಂದ, ಹಿರಿಯರು ಇದನ್ನು ಬಿಟ್ಟು ಮುಂದೆ ಹೋಗಲು ಒಪ್ಪುವುದಿಲ್ಲ, ಒಪ್ಪಿಸುವ ಪ್ರಯತ್ನವೂ ಸಲ್ಲದು. ಪುಷ್ಯಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ಇಲ್ಲಿ ತಿಂಗಳ ಕಾಲ ಡೇರೆ ಹಾಕುವ ಪರಂಪರೆ ಹೆಸರಾದುದು. ಉಳಿದ ದಿನಗಳಲ್ಲಿ ಗುಡಿಯ ಮುಂದೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಕೆಂಪು ಖಾರ, ಕುಡಿಕೆಯ ಮೊಸರು ಹೊತ್ತು ತಂದು ಕೂತಲ್ಲಿಗೇ ಬಡಿಸುತ್ತಾರೆ. ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದವರೂ ಮಧ್ಯಾಹ್ನದ ಊಟವನ್ನು ಇವರ ಬಳಿ ಮಾಡಿ ಬುತ್ತಿಯನ್ನು ಸಂಜೆಗೆ ಉಳಿಸಿಕೊಳ್ಳುವುದು ಲೇಸು.

ಬಾದಾಮಿಗೂ ಪಟ್ಟದಕಲ್ಲಿಗೂ ನಡುವಿನ ಅಂತರ 22 ಕಿಲೋಮೀಟರ್. ದಾರಿಯಿಂದ ತುಸು ಒಳಗಿರುವ ಮಹಾಕೂಟದಲ್ಲಿ ಸದಾ ಬುಗ್ಗೆಯ ನೀರು ತುಂಬಿರುವ ಹೊಂಡವಿದ್ದು, ಈಜು ಬಲ್ಲವರು ಅದನ್ನು ಬಿಟ್ಟು ಬರಲು ತಕರಾರು ಮಾಡುತ್ತಾರೆ. ಹೊತ್ತಿನ ಅಂದಾಜು ಇಲ್ಲಿಯೇ ತಪ್ಪುವುದು. ಪಟ್ಟದಕಲ್ಲಿನ ದೇವಾಲಯ ಸಮೂಹ 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎರಡನೆಯ ವಿಕ್ರಮಾದಿತ್ಯನು ಪಲ್ಲವರ ಕಂಚಿಯನ್ನು ಗೆದ್ದುದರ ನೆನಪಿಗೆ ಅವನ ಪಟ್ಟದರಸಿ ಲೋಕಮಹಾದೇವಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷ ಗುಡಿಯನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ಸಂದ ಗೌರವವನ್ನೂ ಶಾಸನ ದಾಖಲಿಸಿದೆ. ರಾಜರ ಹೆಸರಷ್ಟೇ ಉಳಿದಿರುವ ಕಟ್ಟಡಗಳ ನಡುವೆ ಕಲ್ಲುಕುಟಿಗನ ಹೆಸರು ಉಳಿದಿರುವುದು ದೊಡ್ಡ ವಿಷಯ. ಇಲ್ಲಿ ಮಕ್ಕಳಿಗೆ ಕಲಿಸಬಹುದಾದುದು ಒಂದೇ ಒಂದು ಗುರುತು: ಅಂತಸ್ತು ಅಂತಸ್ತಾಗಿ ಮೆಟ್ಟಿಲಿನಂತೆ ಏರುವ ಶಿಖರ ದ್ರಾವಿಡ, ಬಾಗಿದ ರೇಖೆಯಲ್ಲಿ ಒಂದೇ ಎಳೆಯಾಗಿ ಮೇಲೇರುವುದು ನಾಗರ. ದಕ್ಷಿಣ, ಉತ್ತರಗಳ ಈ ಎರಡೂ ಬಗೆಗಳು ಒಂದೇ ಅಂಗಳದಲ್ಲಿ ಮಗ್ಗುಲಿಗೆ ಮಗ್ಗುಲಾಗಿ ನಿಂತಿವೆ; ಬರಿಗಣ್ಣಿಗೆ ಕಾಣುವ ಈ ಒಂದು ಅಂತರ ತಿಳಿದರೆ ಮಾರ್ಗದರ್ಶಿಯ ಅರ್ಧ ಮಾತು ತಾನಾಗಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಹೊರಡುವವರು ಮಲಪ್ರಭೆಯ ಸುದ್ದಿ ಕೇಳಿಕೊಂಡೇ ಹೊರಡಬೇಕು. 2019ರ ಆಗಸ್ಟ್ ಪ್ರವಾಹದಲ್ಲಿ ಈ ಗುಡಿಗಳ ಅಂಗಳಕ್ಕೇ ಹೊಳೆ ನುಗ್ಗಿತ್ತು.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವುದು ಈಗಿನ ರೂಢಿ. ಬಾಡಿಗೆ ವಾಹನಗಳ ದರವೂ ಈ ಮೂರನ್ನು ಒಂದು ಗಂಟಾಗಿ ಕಟ್ಟಿಯೇ ಹೇಳಲ್ಪಡುತ್ತದೆ. ಈ ರೂಢಿಯನ್ನು ಮುರಿಯಬೇಕು, ಮತ್ತು ಮೊದಲ ದಿನದ ಪಟ್ಟಿಯಿಂದ ತೆಗೆಯಬೇಕಾದುದು ಐಹೊಳೆಯನ್ನೇ. ಐಹೊಳೆ ಕಡಿಮೆಯದೆಂಬ ಕಾರಣಕ್ಕಲ್ಲ. ನೂರಕ್ಕೂ ಮೀರಿದ ಗುಡಿಗಳು ಹಳ್ಳಿಯ ಮನೆ, ಹಿತ್ತಿಲು, ಹೊಲಗಳ ನಡುವೆ ಚೆದುರಿರುವ ಆ ಊರಿಗೆ ಪೂರ್ತಿ ಒಂದು ದಿನ ಬೇಕೆಂಬ ಕಾರಣಕ್ಕೆ. ದಣಿದ ಮಕ್ಕಳನ್ನು ಇಳಿಹೊತ್ತಿನಲ್ಲಿ ಎಳೆದಾಡಿಕೊಂಡು ಹೋದರೆ ದುರ್ಗ ಗುಡಿಯ ಗಜಪೃಷ್ಠ, ಅಂದರೆ ಆನೆಯ ಹಿಂಭಾಗದಂತೆ ದುಂಡಗಾದ ಬೆನ್ನು, ಕೇವಲ ಇನ್ನೊಂದು ಗೋಡೆಯಾಗಿ ಕಾಣುತ್ತದೆ. ಆ ಗುಡಿಯ ಹೆಸರು ದೇವಿಯಿಂದ ಬಂದದ್ದಲ್ಲ, ದುರ್ಗವೆಂದರೆ ಕೋಟೆ, ಅದರ ಪಕ್ಕದ ಗುಡಿ ಎಂಬ ವಿವರ ಕೇಳುವ ತಾಳ್ಮೆಯೂ ಆಗ ಯಾರಲ್ಲಿಯೂ ಉಳಿದಿರುವುದಿಲ್ಲ. ದಾರಿ ಹೇಗೂ ಅಲ್ಲಿಂದಲೇ ಹಾಯುವುದರಿಂದ, ಕಾಲಲ್ಲಿ ಕಸುವು ಉಳಿದವರು ಮೇಗುತಿ ಒಂದನ್ನು ಹತ್ತಿ ಇಳಿದರೆ ಸಾಕು. ಮೇಗುಡಿ, ಅಂದರೆ ಮೇಲಿನ ಗುಡಿ ಎಂಬುದೇ ಮೇಗುತಿಯಾಗಿದೆ. 634ರಲ್ಲಿ ರವಿಕೀರ್ತಿ ಎಂಬ ಕವಿ ಕಟ್ಟಿಸಿದ ಈ ಬಸದಿಯ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹೇಳುವ ಅವನದೇ ಸಂಸ್ಕೃತ ಶಾಸನವಿದೆ. ಗುಡ್ಡದ ಮೇಲಿಂದ ಕೆಳಗೆ ಕಾಣುವ ಊರು ಒಂದು ಕಾಲಕ್ಕೆ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ನೆಲೆ. ದಕ್ಷಿಣ ಭಾರತದುದ್ದಕ್ಕೂ, ಕಡಲಾಚೆಗೂ ಸರಕು ಸಾಗಿಸಿದ ಈ ವರ್ತಕರಿಗೆ ವಸ್ತಿಯಿಂದ ವಸ್ತಿಗೆ ದಾರಿ ಅಳೆಯುವುದು ಹೊಟ್ಟೆಪಾಡಾಗಿತ್ತು.

ಐಹೊಳೆಯಿಂದ ಅಮೀನಗಡದ ಕಡೆಗಿನ ಸಂಜೆಯ ದಾರಿಯಲ್ಲಿ ವಾಹನ ಓಡಿಸುವವರು ತಾಳ್ಮೆ ಇಟ್ಟುಕೊಳ್ಳಬೇಕು. ಹೊಲದಿಂದ ಮರಳುವ ಎತ್ತುಗಳು, ಕುರಿಹಿಂಡುಗಳು, ಸುಗ್ಗಿಯ ಕಾಲದಲ್ಲಿ ಡಾಂಬರಿನ ಮೇಲೆಯೇ ಹರವಿದ ಫಸಲು, ಹಿಂದೀಪವಿಲ್ಲದ ಕಬ್ಬಿನ ಟ್ರಾಕ್ಟರುಗಳು ಇವೆಲ್ಲ ಈ ರಸ್ತೆಯ ಸಹಜ ಪಾಲುದಾರರು. ಹಿಂದಿನ ಸೀಟಿನವರಿಗೂ ಬೆಲ್ಟು ಕಡ್ಡಾಯವೆಂಬ ನಿಯಮವಿದ್ದರೂ, ಹಳ್ಳಿಯ ರಸ್ತೆ ಬಂದೊಡನೆ ಅದನ್ನು ಬಿಚ್ಚಿಡುವವರೇ ಹೆಚ್ಚು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದು ಅದಕ್ಕಿಂತ ದೊಡ್ಡ ತಪ್ಪು. ಅಮೀನಗಡದಲ್ಲಿ ನಿಲ್ಲದೆ ಮುಂದೆ ಹೋದ ಕುಟುಂಬ ಅಪರೂಪ. ಇಲ್ಲಿಯ ಕರದಂಟಿನ ಹೆಸರಿನಲ್ಲೇ ಅದರ ಪಾಕವಿಧಾನವಿದೆ: ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳೊಂದಿಗೆ ಬೆಲ್ಲದ ಪಾಕದಲ್ಲಿ ಕೂಡಿಸಿದ ಸಿಹಿ, ಕರಿದ ಅಂಟೇ ಕರದಂಟು. ಮೂಲತಃ ಬಾಣಂತಿಯರ ಶಕ್ತಿಗೆಂದು ಮನೆಗಳಲ್ಲಿ ಮಾಡುತ್ತಿದ್ದ ಅಂಟಿನುಂಡೆಯ ಬಂಧು ಇದು. ಗೋಕಾಕದ ಕರದಂಟು ಮೇಲೋ ಅಮೀನಗಡದ್ದು ಮೇಲೋ ಎಂಬ ವಾದ ಹುನಗುಂದದವರೆಗೆ ಹೊತ್ತು ಕಳೆಯಲು ಸಾಕಾಗುತ್ತದೆ.

ಹುನಗುಂದದ ಬಳಿ ಇನ್ನೊಂದು ಸೆಳೆತ ಎದುರಾಗುತ್ತದೆ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮ, ಬಸವಣ್ಣನವರು ಕಲಿತು ಕೊನೆಗೆ ಐಕ್ಯರಾದ ಸ್ಥಳ, ಇಲ್ಲಿಂದ ದೂರವಿಲ್ಲ. ಅದೇ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅಲ್ಲಿಗೆ ಬಂದಿರುವುದರಿಂದ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿ, ಮೆಟ್ಟಿಲಿಳಿದು ದರ್ಶನ ಮಾಡುವಂತೆ ಏರ್ಪಡಿಸಲಾಗಿದೆ. ಒಂದೇ ಯೋಜನೆಯ ಹಿನ್ನೀರುಗಳಿಗೆ ನವನಗರದವರು ಮನೆ ಬಿಟ್ಟು ಮೇಲಕ್ಕೆ ಬಂದರು, ಐಕ್ಯಮಂಟಪ ಮಾತ್ರ ಇದ್ದಲ್ಲಿಯೇ ಉಳಿಯಿತು. ಅದನ್ನು ಕತ್ತಲಲ್ಲಿ ಅವಸರದಿಂದ ಕಂಡು ಬರುವುದಕ್ಕಿಂತ, ಪ್ರವಾಸ ಮುಗಿಸಿ ಮರಳುವ ದಿನಕ್ಕೆ ಎತ್ತಿಟ್ಟುಕೊಳ್ಳುವುದು ಯುಕ್ತ.

ಇಳಕಲ್ಲನ್ನು ಹೊತ್ತು ಮುಳುಗುವ ಮೊದಲು ಮುಟ್ಟಬೇಕೆಂಬುದಕ್ಕೆ ಕಾರಣವಿದೆ. ಕೆಂಪು ಗ್ರಾನೈಟ್ ಮತ್ತು ಸೀರೆ ಎರಡಕ್ಕೂ ಹೆಸರಾದ ಈ ಊರಿನಲ್ಲಿ ನೇಯ್ಗೆ ನಡೆಯುವುದು ಮನೆಗಳಲ್ಲಿ. ವಿದ್ಯುತ್ ಮಗ್ಗಗಳು ಹೆಚ್ಚಿದ್ದರೂ ಕುಣಿಮಗ್ಗ, ಅಂದರೆ ನೆಲದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತು ತುಳಿಯುವ ಕೈಮಗ್ಗ, ಇನ್ನೂ ಉಳಿದಿದೆ. ಇಳಕಲ್ ಸೀರೆಯ ವಿಶೇಷ ಅದರ ಸೆರಗಿನಲ್ಲಿದೆ. ಸಾಮಾನ್ಯವಾಗಿ ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಸೀರೆಯ ಮೊದಲಿನಿಂದ ಕೊನೆಯವರೆಗೂ ಒಂದೇ ಆಗಿರುತ್ತವೆ. ಇಲ್ಲಿ ಮೈಯ ಭಾಗದ ಹತ್ತಿಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಎಳೆಗೆ ಎಳೆ ಕೊಂಡಿಹಾಕಿ ಸೇರಿಸುತ್ತಾರೆ. ಹೀಗೆ ಪ್ರತಿಯೊಂದು ಸೀರೆಗೂ ಬೇರೆಬೇರೆಯಾಗಿ ಹಾಸು ಜೋಡಿಸಬೇಕಾಗಿರುವುದರಿಂದ ಒಂದರ ಮೇಲೊಂದು ಸೀರೆಯನ್ನು ಸರಸರನೆ ನೇಯಲು ಬರುವುದಿಲ್ಲ. ತೋಪು ತೆನೆ ಎಂದು ಕರೆಯುವ ಕೆಂಪು ಬಿಳಿಯ ಈ ಸೆರಗಿನಲ್ಲಿ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಗಳ ಆಕಾರಗಳು ಕಾಣುತ್ತವೆ. ಬೆಳಗಿನಿಂದ ಹೊಲದಲ್ಲಿಯೂ ಬೆಟ್ಟದ ಮೇಲೆಯೂ ನೋಡಿದ್ದು ಇಲ್ಲಿ ನೂಲಿನಲ್ಲಿ ಸಿಗುತ್ತದೆ.

ಸೀರೆಯನ್ನು ಅಂದೇ ಕೊಳ್ಳಬೇಕೆಂಬ ನಿಯಮವಿಲ್ಲ. ಆದರೆ ಮಗ್ಗ ನಡೆಯುವುದನ್ನು ಮಕ್ಕಳಿಗೆ ತೋರಿಸದೆ ವಸ್ತಿಯ ಕೋಣೆ ಸೇರಬಾರದು, ಹಾಗೂ ನೋಡಲು ಹೋದಾಗ ನೇಕಾರರ ಒಪ್ಪಿಗೆ ಕೇಳಿಯೇ ಫೋಟೋ ತೆಗೆಯಬೇಕು. ಬಾದಾಮಿ, ಐಹೊಳೆಗಳ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ಬಿಡುವಿರುವುದರಿಂದ ಹೊರಡುವ ದಿನ ಗೊತ್ತುಮಾಡುವಾಗ ಆ ವಾರವನ್ನು ತಪ್ಪಿಸುವುದು ಒಳ್ಳೆಯದು. ಮರುದಿನದ ದಾರಿ ಇಳಕಲ್ಲಿನಿಂದ ರಾಷ್ಟ್ರೀಯ ಹೆದ್ದಾರಿ ಹಿಡಿದು ಕುಷ್ಟಗಿಯ ಮೇಲೆ ಹೊಸಪೇಟೆಗೆ. ಬುತ್ತಿಯಲ್ಲಿ ಉಳಿದ ಕಡಕ್ ರೊಟ್ಟಿ ಹಂಪಿಯ ಮಧ್ಯಾಹ್ನಕ್ಕೂ ಆಗುತ್ತದೆ.